ಪದ ಪರಿಚಯ: ಸ್ಪೀಡ್ ಆಫ್ ಪ್ಲಾಟ್

1969ರ ಜನವರಿಯಲ್ಲಿ ಪ್ರಸಾರವಾದ, ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಒಂದು ಕಂತು. ಕ್ಯಾಪ್ಟನ್ ಕರ್ಕ್ ಮೂವರನ್ನು ಕರೆದುಕೊಂಡು ಒಂದು ಗ್ರಹಕ್ಕೆ ಇಳಿದಿರುತ್ತಾರೆ. ಅಷ್ಟರಲ್ಲಿ ಅವರ ನೌಕೆ ಎಂಟರ್‌ಪ್ರೈಸ್ ಕಣ್ಣು ಮಿಟುಕಿಸುವುದರೊಳಗೆ 990.7 ಜ್ಯೋತಿರ್ವರ್ಷ ಆಚೆ ಹೋಗಿ ಬೀಳುತ್ತದೆ. ನೌಕೆಯಲ್ಲಿ ಉಳಿದವರು ಲೆಕ್ಕ ಹಾಕುತ್ತಾರೆ. ‘ವಾರ್ಪ್’ ಅಂದರೆ ಆ ಕಥೆಯಲ್ಲಿ ಬೆಳಕನ್ನು ಮೀರಿದ ವೇಗದ ಅಳತೆ. ವಾರ್ಪ್ 8.4ರಲ್ಲಿ ಹೊರಟರೆ ಹನ್ನೊಂದು ಗಂಟೆ ಚಿಲ್ಲರೆಯಲ್ಲಿ ವಾಪಸ್ ಬರಬಹುದು!

ಈಗ ನಾವೂ ಲೆಕ್ಕ ಹಾಕೋಣ. ಆ ಸರಣಿಯ ಬರಹಗಾರರಿಗೆ ಕೊಟ್ಟಿದ್ದ ಕೈಪಿಡಿಯಲ್ಲಿ ವಾರ್ಪ್ ವೇಗಕ್ಕೆ ಒಂದು ಸೂತ್ರವಿತ್ತು. ವಾರ್ಪ್ ಸಂಖ್ಯೆಯನ್ನು ಘನ ಮಾಡಿದರೆ ಬೆಳಕಿಗಿಂತ ಎಷ್ಟು ಪಟ್ಟು ವೇಗ ಅನ್ನುವುದು ಸಿಗುತ್ತದೆ. ವಾರ್ಪ್ 2 ಅಂದರೆ 8 ಪಟ್ಟು, ವಾರ್ಪ್ 3 ಅಂದರೆ 27 ಪಟ್ಟು. ವಾರ್ಪ್ 8.4 ಅಂದರೆ ಸುಮಾರು 593 ಪಟ್ಟು. ಆ ವೇಗದಲ್ಲಿ 990.7 ಜ್ಯೋತಿರ್ವರ್ಷ ದಾಟಲು 20 ತಿಂಗಳು ಬೇಕು. ಇಪ್ಪತ್ತು ತಿಂಗಳ ದಾರಿ ಹನ್ನೊಂದು ಗಂಟೆಗೆ ಇಳಿದಿದೆ. ಬೆಂಗಳೂರಿನಿಂದ ಮೈಸೂರಿಗೆ ಮೂರು ಗಂಟೆ ಹಿಡಿಯುವ ದಾರಿಯನ್ನು ಎಂಟು ಸೆಕೆಂಡಿನಲ್ಲಿ ಮುಗಿಸಿದ ಹಾಗೆ.

ಟಿವಿಯ ವಿಜ್ಞಾನ ಕಥೆಗಳಲ್ಲಿ ಪದೇಪದೇ ಕಾಣುವ ಈ ಏರುಪೇರಿಗೆ ಅಭಿಮಾನಿಗಳು ಇಟ್ಟ ಹೆಸರು ‘ಸ್ಪೀಡ್ ಆಫ್ ಪ್ಲಾಟ್’. ‘ಸ್ಪೀಡ್ ಆಫ್ ಲೈಟ್’ ಅನ್ನುವ ಮಾತಿನ ಅಚ್ಚಿನಲ್ಲೇ ಇದನ್ನು ಎರಕ ಹೊಯ್ದಿದ್ದಾರೆ. ನೌಕೆ ಯಾವಾಗ ತಲುಪಬೇಕು ಅನ್ನುವುದನ್ನು ಎಂಜಿನ್ ತೀರ್ಮಾನಿಸುವುದಿಲ್ಲ, ಕಥೆ ತೀರ್ಮಾನಿಸುತ್ತದೆ ಎಂಬುದು ಇದರ ಅರ್ಥ. ‘ಬ್ಯಾಬಿಲಾನ್ 5’ ಸರಣಿಯನ್ನು ಕಟ್ಟಿದ ಜೆ. ಮೈಕೆಲ್ ಸ್ಟ್ರಜಿನ್ಸ್ಕಿ ಅವರ ಹೆಸರಿನ ಜೊತೆ ಈ ಮಾತು ತಳಕು ಹಾಕಿಕೊಂಡಿದೆ. ಕನ್ನಡದಲ್ಲಿ ಸುಮ್ನೆ ‘ಕಥೆಯ ವೇಗ’ ಅಂದುಬಿಟ್ಟರೆ ಅರ್ಥ ಕೆಡುತ್ತದೆ, ಕಥೆ ಚುರುಕಾಗಿ ಓಡುತ್ತಿದೆ ಅನ್ನುವ ಹಾಗೆ ಕೇಳಿಸುತ್ತದೆ. ‘ಕಥೆಗೆ ಬೇಕಾದಷ್ಟು ವೇಗ’ ಅಂದರೆ ಸರಿಹೋಗುತ್ತದೆ.

ಇಂಥ ವೇಗದ ಕಲ್ಪನೆ ಯಾಕೆ ಬೇಕಾಯಿತು ಅನ್ನುವುದು ಸುಲಭ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯಿಂದ ಇಲ್ಲಿಗೆ ಬರಲು ಅದಕ್ಕೆ 4.24 ವರ್ಷ ಬೇಕು. ವಾರಕ್ಕೊಂದು ಹೊಸ ಲೋಕ ತೋರಿಸಬೇಕಾದ ಧಾರಾವಾಹಿಗೆ ಅಷ್ಟು ಕಾಯಲು ಆಗುವುದಿಲ್ಲ ಅಲ್ವಾ? ಹಾಗಾಗಿ ಬೆಳಕನ್ನು ಮೀರಿದ ವೇಗವನ್ನು ನಾನು ಮನಸಾರೆ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಕಥೆ ತಾನೇ ಹೇಳಿದ ಅಂಕಿಯನ್ನು ತಾನೇ ಮರೆಯುವುದರ ಬಗ್ಗೆ.

2001ರಲ್ಲಿ ಶುರುವಾದ, ‘ಸ್ಟಾರ್ ಟ್ರೆಕ್’ ಬಳಗದ್ದೇ ಆದ ‘ಎಂಟರ್‌ಪ್ರೈಸ್’ ಸರಣಿಯ ಮೊದಲ ಕಂತನ್ನೇ ನೋಡಿ. ಹೊಸ ನೌಕೆಯ ವೇಗ ವಾರ್ಪ್ 4.5. ನೆಪ್ಚೂನ್‌ಗೆ ಹೋಗಿ ಬರಲು ಆರು ನಿಮಿಷ ಸಾಕು ಅನ್ನುವ ಮಾತು ಅಲ್ಲಿ ಬರುತ್ತದೆ. ಹಳೆಯ ಸೂತ್ರದ ಪ್ರಕಾರ ವಾರ್ಪ್ 4.5 ಅಂದರೆ ಬೆಳಕಿನ ಸುಮಾರು 91 ಪಟ್ಟು. ನೆಪ್ಚೂನ್‌ಗೆ ಬೆಳಕು ಹೋಗಿ ಬರಲು ಎಂಟು ಗಂಟೆ ಚಿಲ್ಲರೆ ಬೇಕು. ಭಾಗಿಸಿದರೆ ಐದೂವರೆ ನಿಮಿಷ ಬರುತ್ತದೆ. ಎಷ್ಟು ಚೆನ್ನಾಗಿ ಕೂಡಿಬಂತು! ಯಾರೋ ಕೂತು ನಿಜವಾಗಿ ಲೆಕ್ಕ ಮಾಡಿದ್ದಾರೆ. ಆದರೆ ಅದೇ ಕಂತಿನಲ್ಲಿ ನೌಕೆ ಕ್ಲಿಂಗಾನ್ ಜನರ ಗ್ರಹಕ್ಕೆ ಹೊರಡುತ್ತದೆ, ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. 91 ಪಟ್ಟು ವೇಗದಲ್ಲಿ ನಾಲ್ಕು ದಿನ ಓಡಿದರೆ ದಾಟುವುದು ಒಂದೇ ಒಂದು ಜ್ಯೋತಿರ್ವರ್ಷ. ಪ್ರಾಕ್ಸಿಮಾದ ಕಾಲು ದಾರಿಯೂ ಆಗುವುದಿಲ್ಲ.

ನನಗೆ ಜಾಸ್ತಿ ನೋವು ಕೊಡುವ ಉದಾಹರಣೆ ಮಾತ್ರ ‘ವಾಯೇಜರ್’. 1995ರಲ್ಲಿ ಶುರುವಾದ ಈ ‘ಸ್ಟಾರ್ ಟ್ರೆಕ್’ ಸರಣಿ ನಿಂತಿರುವುದೇ ದೂರದ ಮೇಲೆ. ಒಂದು ನೌಕೆ ಮನೆಯಿಂದ 70,000 ಜ್ಯೋತಿರ್ವರ್ಷ ಆಚೆ ಸಿಕ್ಕಿಬೀಳುತ್ತದೆ. ಗರಿಷ್ಠ ವೇಗದಲ್ಲಿ ಹೋದರೂ ಊರು ಸೇರಲು 75 ವರ್ಷ. ಅಂದರೆ ಇವತ್ತು ಹೊರಟವರು ಮುದುಕರಾಗುತ್ತಾರೆ, ಇಲ್ಲವೇ ದಾರಿಯಲ್ಲೇ ಸಾಯುತ್ತಾರೆ. ಆ ಒಂದು ಅಂಕಿಯಲ್ಲೇ ಇಡೀ ಕಥೆಯ ಸಂಕಟ ಅಡಗಿದೆ.

ಅದೇ ವರ್ಷ ಬಂದ ‘ದ 37ಸ್’ ಎಂಬ ಕಂತಿನಲ್ಲಿ ನೌಕೆಗೆ ಮನುಷ್ಯರೇ ನೆಲೆಸಿರುವ ಒಂದು ಗ್ರಹ ಸಿಗುತ್ತದೆ. ಬೇಕಾದವರು ಇಲ್ಲೇ ಉಳಿಯಬಹುದು ಅನ್ನುತ್ತಾರೆ ಕ್ಯಾಪ್ಟನ್ ಜೇನ್ವೇ. ಉಳಿಯುವವರು ಸರಕಿನ ಕೋಣೆಗೆ ಬಂದು ಸೇರಬೇಕು. ಎಷ್ಟು ಜನ ಬಿಟ್ಟು ಹೋಗುತ್ತಾರೋ ಅನ್ನುವ ಅಳುಕಿನಲ್ಲೇ ಅವರು ಬಾಗಿಲು ದಾಟುತ್ತಾರೆ. ಒಳಗೆ ಒಬ್ಬರೂ ಇರುವುದಿಲ್ಲ. ಮುಂದೆ 75 ವರ್ಷದ ದಾರಿ ಇದೆ ಅಂತ ಗೊತ್ತಿದ್ದೂ ಎಲ್ಲರೂ ಪ್ರಯಾಣವನ್ನೇ ಆರಿಸಿಕೊಂಡಿದ್ದಾರೆ. ಆ ಖಾಲಿ ಕೋಣೆ ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ.

ಆದರೆ ಇದೇ ಕಂತಿನಲ್ಲಿ ಟಾಮ್ ಪ್ಯಾರಿಸ್ ಎಂಬ ಪಾತ್ರ ವಾರ್ಪ್ 9.9 ಅಂದರೆ ಸೆಕೆಂಡಿಗೆ ಸುಮಾರು 400 ಕೋಟಿ ಮೈಲಿ ಅನ್ನುತ್ತದೆ. ಇದು ಬೆಳಕಿನ 21,000 ಪಟ್ಟಿಗೂ ಜಾಸ್ತಿ. ಆ ವೇಗದಲ್ಲಿ 70,000 ಜ್ಯೋತಿರ್ವರ್ಷಕ್ಕೆ ಮೂರು ವರ್ಷ ಮೂರು ತಿಂಗಳು ಸಾಕು. ಅಷ್ಟು ವೇಗದಲ್ಲಿ ಸದಾ ಓಡಲು ಆಗದು, ಎಂಜಿನ್‌ಗೂ ವಿಶ್ರಾಂತಿ ಬೇಕು ಅನ್ನಬಹುದು, ಅದು ನ್ಯಾಯವಾದ ಮಾತೇ. ಆದರೆ ಇಲ್ಲಿರುವುದು 23 ಪಟ್ಟು ಅಂತರ. ಒಂದು ಸಾಲಿನ ಸಂಭಾಷಣೆ ಆ ಖಾಲಿ ಕೋಣೆಯ ತೂಕವನ್ನೇ ಕಸಿದುಕೊಳ್ಳುತ್ತದೆ. ಮೂರು ವರ್ಷದ ದಾರಿಯಾದರೆ ಯಾರು ತಾನೇ ಹಿಂದೆ ಉಳಿಯುತ್ತಾರೆ?

ಇದರ ಕಾರಣ ಬರಹಗಾರರ ಸೋಮಾರಿತನ ಅಂತ ನನಗೆ ಅನ್ನಿಸುವುದಿಲ್ಲ. ಒಂದು ಸರಣಿಗೆ ಹತ್ತಾರು ಜನ ಬರೆಯುತ್ತಾರೆ. ಒಬ್ಬರಿಗೆ ಸಹಾಯ ತಡವಾಗಿ ಬರಬೇಕು, ಇನ್ನೊಬ್ಬರಿಗೆ ಕೊನೆಯ ಗಳಿಗೆಯಲ್ಲಿ ಸರಿಯಾಗಿ ಬರಬೇಕು. ಜೊತೆಗೆ ಅಳತೆಗೋಲೂ ಬದಲಾಯಿತು. 1987ರ ‘ಸ್ಟಾರ್ ಟ್ರೆಕ್: ನೆಕ್ಸ್ಟ್ ಜನರೇಶನ್’ ಸರಣಿಯ ಹೊತ್ತಿಗೆ ವಾರ್ಪ್ 10 ಅಂದರೆ ಅನಂತ ವೇಗ ಎಂದು ಹೊಸದಾಗಿ ನಿಗದಿ ಮಾಡಿದರು, ಹಳೆಯ ವಾರ್ಪ್ 6 ಮತ್ತು ಹೊಸ ವಾರ್ಪ್ 6 ಬೇರೆ ಬೇರೆಯಾದವು. ಇಸವಿಯ ವಿಷಯದಲ್ಲಿ ಮೊದಲ ಸರಣಿ ಇನ್ನೂ ಜಾಣತನ ತೋರಿಸಿತ್ತು. ಯಾವುದಾದರೂ ನಾಲ್ಕು ಅಂಕಿಗಳನ್ನು ಆರಿಸಿ, ಒಂದು ದಶಮಾಂಶ ಸೇರಿಸಿ, ಅದನ್ನೇ ‘ಸ್ಟಾರ್‌ಡೇಟ್’ ಅನ್ನಿ ಎಂದು ಕೈಪಿಡಿಯೇ ಹೇಳಿತ್ತು. ಅದಕ್ಕೆ ನಮ್ಮ ಕ್ಯಾಲೆಂಡರ್ ಜೊತೆ ನಂಟಿರಲಿಲ್ಲ, ಹಾಗಾಗಿ ತಪ್ಪು ಹಿಡಿಯಲು ದಾರಿಯೂ ಇರಲಿಲ್ಲ.

‘ಸ್ಪೀಡ್ ಆಫ್ ಪ್ಲಾಟ್’ ಅನ್ನುವುದನ್ನು ತಕರಾರಾಗಿಯೂ ಬಳಸುತ್ತಾರೆ, ಸಮರ್ಥನೆಯಾಗಿಯೂ ಬಳಸುತ್ತಾರೆ. ಕಥೆ ಅಂಕಿಯನ್ನೇ ಹೇಳದಿದ್ದಾಗ ಸಮರ್ಥನೆ ಸರಿ ಅನ್ನಿಸುತ್ತದೆ. ಅಂಕಿ ಹೇಳಿ, ಅದರ ಮೇಲೆ ನಮ್ಮ ಕಣ್ಣೀರನ್ನೂ ಕೇಳಿದ ಮೇಲೆ ತಕರಾರೇ ಸರಿ.

2004ರಲ್ಲಿ ಶುರುವಾದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಬೇರೆ ದಾರಿ ಹಿಡಿಯಿತು. ಅಲ್ಲಿ ನೌಕೆಗಳು ಒಂದೇ ಜಿಗಿತಕ್ಕೆ ದೂರ ದಾಟುತ್ತವೆ, ವೇಗದ ಪ್ರಶ್ನೆಯೇ ಏಳುವುದಿಲ್ಲ. ಮೊದಲ ಕಂತಿನ ಹೆಸರು ‘33’. ಪ್ರತಿ 33 ನಿಮಿಷಕ್ಕೆ ಶತ್ರುಗಳು ಬೆನ್ನಟ್ಟಿ ಬರುತ್ತಾರೆ, ಪ್ರತಿ ಸಲವೂ ಜಿಗಿದು ತಪ್ಪಿಸಿಕೊಳ್ಳಬೇಕು. ಯಾರಿಗೂ ನಿದ್ದೆ ಇಲ್ಲ. 130 ಗಂಟೆ ಕಳೆದಿದೆ, 237 ಜಿಗಿತ ಆಗಿದೆ ಅನ್ನುತ್ತಾರೆ. 237ನ್ನು 33ರಿಂದ ಗುಣಿಸಿ, 60ರಿಂದ ಭಾಗಿಸಿ ನೋಡಿ. 130 ಗಂಟೆ, ಮೇಲೆ ಇಪ್ಪತ್ತೊಂದು ನಿಮಿಷ.