ವೈಫೈ: ಲ್ಯಾಪ್‌ಟಾಪಿಂದ ಡಬ್ಬಿವರೆಗೆ ಮಾತ್ರ

ಊರಿಂದ ಅಪ್ಪಯ್ಯ ಫೋನ್ ಮಾಡಿದ್ರು, "ಮಾರಾಯ್ತಿ, ವೈಫೈ ಕಡ್ಡಿ ಪೂರ್ತಿ ಇದೆ, ನೆಟ್ ಮಾತ್ರ ಒಂಚೂರೂ ಬರ್ತಾ ಇಲ್ಲ, ಲ್ಯಾಪ್‌ಟಾಪೇ ಹಾಳಾಗಿರ್ಬೇಕು" ಅಂತ. ಲ್ಯಾಪ್‌ಟಾಪ್ ಸರಿಯಾಗೇ ಇತ್ತು, ವೈಫೈ ಕೂಡ ಸರಿಯಾಗೇ ಇತ್ತು, ಹಿಂದಿನ ರಾತ್ರಿ ಗಾಳಿಗೆ ತೋಟದ ಬದಿ ಮರದ ಗೆಲ್ಲು ಮುರಿದು ಮನೆಗೆ ನೆಟ್ ತರೋ ಫೈಬರ್ ಕೇಬಲ್ ಮೇಲೆ ಬಿದ್ದಿತ್ತು ಅಷ್ಟೆ. ಆದ್ರೆ ಅವ್ರು ಅಷ್ಟೊತ್ತಿಗೆ ಲ್ಯಾಪ್‌ಟಾಪನ್ನ ಪೇಟೆಗೆ ರಿಪೇರಿಗೆ ಒಯ್ಯೋಕೆ ಚೀಲಕ್ಕೆ ಹಾಕಿ ಆಗಿತ್ತು. ಅವತ್ತಿಂದ ಅನ್ಕೋತಿದ್ದೆ, ಈ ಒಂದು ಪದ ಸರಿಯಾಗಿ ಬಿಡಿಸಿ ಬರೀಬೇಕು ಅಂತ, ಯಾಕಂದ್ರೆ ವೈಫೈ ಅಂದ್ರೆ ಇಂಟರ್ನೆಟ್ ಅಂತಲೇ ತುಂಬಾ ಜನ ತಿಳ್ಕೊಂಡಿದಾರೆ. "ನಿಮ್ಮನೇಲಿ ವೈಫೈ ಹಾಕ್ಸಿದೀರಾ" ಅಂತ ಕೇಳಿದ್ರೆ ನೆಟ್ ಕನೆಕ್ಷನ್ ತಗೊಂಡಿದೀರಾ ಅಂತಲೇ ಅರ್ಥ ಆಗೋದು. ಮಾತಾಡೋವಾಗ ನಡಿಯತ್ತೆ, ಏನಾದ್ರೂ ಕೆಟ್ಟಾಗ ನಡಿಯಲ್ಲ.

ಹೆಸರಿನ ವಿಷಯ ಮೊದಲು. ತಂತಿ ಇಲ್ದೆ ಕಂಪ್ಯೂಟರುಗಳು ಮಾತಾಡ್ಕೊಳ್ಳೋಕೆ ಎಲ್ಲರೂ ಒಪ್ಪೋ ಒಂದು ಕ್ರಮ ಬೇಕಲ್ಲ, ಅದನ್ನ ಐಇಇಇ ಅನ್ನೋ ಇಂಜಿನಿಯರುಗಳ ಸಂಸ್ಥೆ 1997ರಲ್ಲಿ 802.11 ಅನ್ನೋ ನಂಬರಲ್ಲಿ ಹೊರಗೆ ತಂತು, ಆಗ ವೇಗ ಸೆಕೆಂಡಿಗೆ ಬರೀ 2 ಮೆಗಾಬಿಟ್. 1999ರಲ್ಲಿ 802.11ಬಿ ಬಂದು ಅದು 11 ಆಯ್ತು. ಅದೇ ವರ್ಷ ಒಂದಷ್ಟು ಕಂಪನಿಗಳು ಸೇರ್ಕೊಂಡು ಒಕ್ಕೂಟ ಮಾಡಿದ್ರು, ಒಬ್ಬರ ಕಾರ್ಡು ಇನ್ನೊಬ್ಬರ ವೈಫೈ ಡಬ್ಬಿ ಜೊತೆ ಹೊಂದ್ಕೊಳ್ಳತ್ತಾ ಅಂತ ಪರೀಕ್ಷೆ ಮಾಡಿ ಮುದ್ರೆ ಒತ್ತೋದು ಅದರ ಕೆಲ್ಸ, ಈಗ ಅದಕ್ಕೆ ವೈಫೈ ಅಲಯನ್ಸ್ ಅಂತಾರೆ. ಅಂಗಡಿಗೆ ಹೋಗಿ 802.11ಬಿ ಕೊಡಿ ಅಂತ ಯಾರು ಕೇಳ್ತಾರೆ, ಅದಕ್ಕೇ ಇಂಟರ್‌ಬ್ರ್ಯಾಂಡ್ ಅನ್ನೋ ಹೆಸರಿಡೋ ಕಂಪನಿ ಹತ್ರ ಹೇಳಿ ಮಾಡ್ಸಿದ ಹೆಸರು ವೈಫೈ. ಒಳ್ಳೆ ಸೌಂಡ್ ಸಿಸ್ಟಮ್ಮಿಗೆ ಹೇಳೋ ಹೈಫೈ ಅನ್ನೋ ಪದಕ್ಕೆ ಪ್ರಾಸ ಸೇರೋ ಹಾಗೆ ಕಟ್ಟಿದ್ದು. ಇದು ವೈರ್‌ಲೆಸ್ ಫಿಡೆಲಿಟಿ ಅನ್ನೋದರ ಚಿಕ್ಕ ರೂಪ ಅಂತ ಕ್ವಿಜ್ ಪುಸ್ತಕದಲ್ಲೆಲ್ಲ ಇರತ್ತಲ್ಲ, ಅದು ತಪ್ಪು. ಶುರುವಲ್ಲಿ ಜಾಹೀರಾತಿಗೆ ಅಂತ ಆ ಥರದ್ದೊಂದು ಸಾಲು ಸೇರಿಸಿದ್ರು, ಆಮೇಲೆ ತೆಗೆದೂ ಬಿಟ್ರು, ಜನರ ಬಾಯಲ್ಲಿ ಮಾತ್ರ ಉಳ್ಕೊಂಡಿದೆ.

ಕನ್ನಡದಲ್ಲಿ ನಿಸ್ತಂತು ಅನ್ನೋ ಪದ ಇದೆ, ತಂತು ಅಂದ್ರೆ ಎಳೆ, ಎಳೆ ಇಲ್ಲದ್ದು ನಿಸ್ತಂತು. ನಂಗೆ ಈ ಪದ ಇಷ್ಟ, ಬರಹದಲ್ಲಿ ಚೆನ್ನಾಗಿ ಕೂರತ್ತೆ. ಆದ್ರೆ ನಿಸ್ತಂತು ಅಂದ್ರೆ ರೇಡಿಯೋ, ಮೊಬೈಲು, ಪೊಲೀಸರ ವಾಕಿಟಾಕಿ ಎಲ್ಲಾ ಸೇರತ್ತೆ, ವೈಫೈ ಅದರೊಳಗಿನ ಒಂದು ಬಗೆ, ಹಾಗಾಗಿ ವೈಫೈಯನ್ನ ವೈಫೈ ಅಂತಲೇ ಕರೆಯೋದು ಸರಿ.

ಈಗ ಮುಖ್ಯ ವಿಷಯ. ನಮ್ಮೂರ ಕಡೆ ಗುಡ್ಡದ ಅಬ್ಬಿಯಿಂದ ಪೈಪಲ್ಲಿ ನೀರು ಇಳಿದು ಮನೆ ಹಿಂದಿನ ಟ್ಯಾಂಕಿಗೆ ಬೀಳತ್ತೆ, ಟ್ಯಾಂಕಿಂದ ಬಚ್ಚಲು, ಅಡಿಗೆಮನೆ ನಲ್ಲಿಗೆ ಬೇರೆ ಪೈಪು. ಅಬ್ಬಿ ಪೈಪು ಎಲ್ಲೋ ಕಿತ್ತುಹೋದ್ರೆ ಮನೆಯೊಳಗಿನ ನಲ್ಲಿ ಎಷ್ಟೇ ಚೆನ್ನಾಗಿದ್ರೂ ತಿರುಗಿಸಿದಾಗ ಬರೋದು ಗಾಳಿ. ವೈಫೈ ಅಂದ್ರೆ ಟ್ಯಾಂಕಿಂದ ನಲ್ಲಿವರೆಗಿನ ಆ ಒಳಗಿನ ಪೈಪು. ಲ್ಯಾಪ್‌ಟಾಪಿಗೂ ಗೋಡೆ ಮೇಲಿನ ಡಬ್ಬಿಗೂ ಮಧ್ಯೆ ಇರೋ ರೇಡಿಯೋ ಸಂಪರ್ಕ, ಅಷ್ಟಕ್ಕೇ ವೈಫೈ ಅಂತ ಹೆಸರು. ಡಬ್ಬಿಯಿಂದ ಆಚೆ ಕಂಬದ ಮೇಲೆ ಹೋಗೋ ಫೈಬರ್ರು, ಎಕ್ಸ್‌ಚೇಂಜು, ಅಲ್ಲಿಂದ ಪ್ರಪಂಚ, ಅದು ಇಂಟರ್ನೆಟ್. ಲ್ಯಾಪ್‌ಟಾಪಲ್ಲಿ ಕಾಣೋ ಕಡ್ಡಿಗಳು ಒಳಗಿನ ಪೈಪಿನ ಸುದ್ದಿ ಮಾತ್ರ ಹೇಳ್ತಾವೆ, ಗುಡ್ಡದ ಸುದ್ದಿ ಅವಕ್ಕೆ ಗೊತ್ತಿಲ್ಲ.

ಆ ಡಬ್ಬಿಗೆ ಕೆಲವರು ಮೋಡೆಮ್ ಅಂತಾರೆ, ಕೆಲವರು ರೌಟರ್ ಅಂತಾರೆ, ಕೇಬಲ್ ಹಾಕೋಕೆ ಬರೋ ಹುಡುಗರು ಓಎನ್‌ಟಿ ಅಂತಾರೆ, ಮೂರೂ ಸರಿಯೇ ಯಾಕಂದ್ರೆ ಈಗಿನ ಫೈಬರ್ ಡಬ್ಬಿಯೊಳಗೆ ಮೂರ್ನಾಲ್ಕು ಕೆಲ್ಸ ಒಟ್ಟಿಗೇ ನಡಿಯತ್ತೆ. ಫೈಬರಲ್ಲಿ ಬರೋ ಬೆಳಕನ್ನ ವಿದ್ಯುತ್ ಸಂಕೇತ ಮಾಡೋದು ಓಎನ್‌ಟಿ ಕೆಲ್ಸ. ಒಂದೇ ಕನೆಕ್ಷನ್ನನ್ನ ಮನೆಯ ನಾಲ್ಕಾರು ಸಾಧನಗಳಿಗೆ ಹಂಚಿ, ಒಂದೊಂದಕ್ಕೂ ಸಾಮಾನ್ಯವಾಗಿ 192.168 ಇಂದ ಶುರುವಾಗೋ ಮನೆಯೊಳಗಿನ ವಿಳಾಸ ಕೊಡೋದು ರೌಟರ್ ಕೆಲ್ಸ. ಅದನ್ನ ಗಾಳಿಗೆ ಬಿಡೋದು ಆಕ್ಸೆಸ್ ಪಾಯಿಂಟ್ ಕೆಲ್ಸ, ವೈಫೈ ಅನ್ನೋದು ಈ ಕೊನೇದು ಮಾತ್ರ. ಹಳೇ ಲ್ಯಾಂಡ್‌ಲೈನ್ ನೆಟ್ ಕಾಲದಲ್ಲಿ ಮೋಡೆಮ್ ಬೇರೆ ವೈಫೈ ರೌಟರ್ ಬೇರೆ ಇಟ್ಕೊಂಡವರಿಗೆ ಇದು ಕಣ್ಣಿಗೇ ಕಾಣ್ತಿತ್ತು, ಈಗ ಎಲ್ಲಾ ಒಂದೇ ಪ್ಲಾಸ್ಟಿಕ್ಕೊಳಗೆ ಸೇರಿ ಗೊಂದಲ ಜಾಸ್ತಿ ಆಗಿದೆ.

ಹೊಸದಾಗಿ ಲ್ಯಾಪ್‌ಟಾಪ್ ಸೇರಿಸೋವಾಗ ಮೊದಲು ಡಬ್ಬಿ ತಿರುಗಿಸಿ ಅದರ ಅಡಿಯ ಚೀಟಿ ನೋಡಿ. ಅಲ್ಲಿ ವೈಫೈ ಹೆಸರು, ಅದರ ಪಾಸ್‌ವರ್ಡು, ಡಬ್ಬಿಯ ಸೆಟ್ಟಿಂಗ್ಸ್ ಪೇಜಿನ ವಿಳಾಸ ಇರತ್ತೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಆ ಪೇಜಿಗೆ ಲಾಗಿನ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ, ಎರಡನ್ನ ಒಂದೇ ಅನ್ಕೊಂಡು ಗಂಟೆಗಟ್ಟಲೆ ಒದ್ದಾಡಿದವರನ್ನ ನೋಡಿದೀನಿ. ಲ್ಯಾಪ್‌ಟಾಪಲ್ಲಿ ಕೆಳಗೆ ಬಲಗಡೆ ಇರೋ ವೈಫೈ ಚಿಹ್ನೆ ಒತ್ತಿ, ಹೆಸರು ಆರಿಸಿ, ಪಾಸ್‌ವರ್ಡ್ ಹಾಕಿದ್ರೆ ಸೇರ್ಕೊಳ್ಳತ್ತೆ. ಆಮೇಲೆ ಬ್ರೌಸರಲ್ಲಿ ಆ ವಿಳಾಸ ಟೈಪ್ ಮಾಡಿ ಒಳಗೆ ಹೋಗಿ, ಕಂಪನಿ ಕೊಟ್ಟ ಪಾಸ್‌ವರ್ಡುಗಳನ್ನ ಬದಲಾಯಿಸ್ಕೊಳ್ಳಿ. ಇದನ್ನ ದಯವಿಟ್ಟು ನಾಳೆ ಮಾಡೋಣ ಅಂತ ಬಿಡಬೇಡಿ, ಎಷ್ಟೋ ಮನೆಗಳಲ್ಲಿ ಪಾಸ್‌ವರ್ಡ್ ಇನ್ನೂ ಕನೆಕ್ಷನ್ ಕೊಟ್ಟವರು ಬಾಯಲ್ಲಿ ಹೇಳಿ ಹೋದ 12345678.

ವೈಫೈ ಹೆಸರಿಗೆ ಎಸ್‌ಎಸ್‌ಐಡಿ ಅಂತಾರೆ, ಅದು 32 ಬೈಟ್ ಉದ್ದ ಇರಬಹುದು. ಕನ್ನಡದಲ್ಲೂ ಇಡಬಹುದು, ಆದ್ರೆ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್ ಹೋಗತ್ತೆ, ಒತ್ತಕ್ಷರದ ಕೊಂಡಿಯನ್ನೂ ಎತ್ವವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕ್ಬೇಕು, "ನಮ್ಮನೆ" ಅನ್ನೋದು ನೋಡೋಕೆ ಮೂರಕ್ಷರ ಆದ್ರೂ ಒಳಗೆ ಆರು ಚಿಹ್ನೆ, 18 ಬೈಟ್. ಅಂದ್ರೆ ಹತ್ತು ಚಿಹ್ನೆಯೊಳಗೆ ಹೆಸರು ಮುಗೀಬೇಕು. ಕೆಲವು ಡಬ್ಬಿಗಳ ಸೆಟ್ಟಿಂಗ್ಸ್ ಪೇಜು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ತಗೊಳ್ಳೋದೇ ಇಲ್ಲ, ತಗೊಳ್ಳೋದು ಸಿಕ್ಕಿದ್ರೆ ಖಂಡಿತ ಇಡಿ, ಪಟ್ಟಿಯಲ್ಲಿ ಅಕ್ಕಪಕ್ಕದ ಇಂಗ್ಲಿಷ್ ಹೆಸರುಗಳ ಮಧ್ಯೆ ಕನ್ನಡ ಕಂಡಾಗ ಖುಷಿಯಾಗತ್ತೆ.

ಪಾಸ್‌ವರ್ಡು 8ರಿಂದ 63 ಅಕ್ಷರದವರೆಗೆ. ಭದ್ರತೆ ಅಂತ ಇರೋ ಕಡೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆರಿಸಿ. ಡಬ್ಲ್ಯೂಇಪಿ ಅನ್ನೋ ಹಳೇದನ್ನ 2001ರಲ್ಲೇ ಒಡೆದು ತೋರಿಸಿಯಾಗಿದೆ, ಅದನ್ನ ಮುಟ್ಟಬೇಡಿ.

ಇನ್ನು 2.4 ಮತ್ತು 5. ಡಬ್ಬಿಯಿಂದ ಎರಡು ಹೆಸರು ಬರ್ತಾ ಇದ್ರೆ ಒಂದರ ಕೊನೇಲಿ 5ಜಿ ಅಂತ ಇರತ್ತಲ್ಲ, ಅದಕ್ಕೂ ಮೊಬೈಲಿನ 5ಜಿಗೂ ಸಂಬಂಧವೇ ಇಲ್ಲ, ಮೊಬೈಲಲ್ಲಿ ಜಿ ಅಂದ್ರೆ ತಲೆಮಾರು, ಇಲ್ಲಿ ಗಿಗಾಹರ್ಟ್ಸ್, ರೇಡಿಯೋ ಅಲೆಯ ಲೆಕ್ಕ. 2.4ರ ಅಲೆ ಉದ್ದ ಹನ್ನೆರಡೂವರೆ ಸೆಂಟಿಮೀಟರ್, 5ರದ್ದು ಸುಮಾರು ಆರು. 2.4 ಗೋಡೆ ದಾಟಿ ದೂರ ಹೋಗತ್ತೆ, ವೇಗ ಕಡಿಮೆ. 5 ತುಂಬಾ ವೇಗ, ಆದ್ರೆ ಗೋಡೆಗೆ ಬೇಗ ಸೋಲತ್ತೆ. ನಮ್ಮೂರ ಮನೆ ಗೋಡೆ ಒಂದೂವರೆ ಅಡಿ ದಪ್ಪದ ಕಲ್ಲು ಮಣ್ಣಿಂದು, ಜಗಲಿಯಲ್ಲಿರೋ ಡಬ್ಬಿಯ 5 ನಡುಮನೆ ದಾಟೋದೇ ಕಷ್ಟ, ಬೆಂಗಳೂರಿನ ಫ್ಲ್ಯಾಟಲ್ಲಿ ಲೆಕ್ಕ ಉಲ್ಟಾ, ಅಲ್ಲಿ ಗೋಡೆ ತೆಳು ಆದ್ರೆ ಅಕ್ಕಪಕ್ಕ ಮೇಲೆ ಕೆಳಗೆ ಹತ್ತು ಮನೆಯ 2.4 ಒಂದರ ಮೇಲೊಂದು ಬಿದ್ದು ಗದ್ದಲ, 2.4ರೊಳಗೆ ಒಂದಕ್ಕೊಂದು ತಾಗದ ಚಾನೆಲ್, ಅಂದ್ರೆ ಅಲೆಯ ದಾರಿ, ಅಂತ ಇರೋದು 1, 6, 11 ಮೂರೇ. ಮೈಕ್ರೋವೇವ್ ಒಲೆ ಕೂಡ 2.45ರ ಹತ್ರವೇ ಕೆಲ್ಸ ಮಾಡೋದ್ರಿಂದ ಊಟ ಬಿಸಿ ಮಾಡೋ ಹೊತ್ತಲ್ಲಿ ಅಡಿಗೆಮನೆ ಪಕ್ಕ ಕೂತವರ ವಿಡಿಯೋ ಕಾಲ್ ತಡವರಿಸತ್ತೆ. ಸ್ಟೀಲ್ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಇವುಗಳ ಹಿಂದೆ ಡಬ್ಬಿ ಇಡಬೇಡಿ, ಲೋಹ ಅಲೆಯನ್ನ ವಾಪಸ್ ತಳ್ಳತ್ತೆ, ನೀರು ನುಂಗತ್ತೆ. ಟಿವಿ ಸ್ಟ್ಯಾಂಡ್ ಒಳಗೆ ಬಾಗಿಲು ಹಾಕಿ ಇಡೋದಂತೂ ಬೇಡವೇ ಬೇಡ, ಎದೆಮಟ್ಟಕ್ಕಿಂತ ಮೇಲೆ, ಮನೆ ನಡುವಿಗೆ, ಬಯಲಲ್ಲಿ ಇರಲಿ.

ಈ ಅಲೆಗಳನ್ನ ಮನೇಲಿ ಬಳಸೋಕೆ ನಾವು ಯಾರ ಹತ್ರಾನೂ ಲೈಸೆನ್ಸ್ ಕೇಳಬೇಕಾಗಿಲ್ಲ. ಭಾರತದಲ್ಲಿ 2.4ನ್ನ 2005ರಲ್ಲಿ ಲೈಸೆನ್ಸ್ ಇಲ್ದೆ ಬಳಸೋಕೆ ಬಿಟ್ಟಿದ್ದು, 5ರಲ್ಲಿ ದೊಡ್ಡ ಪಾಲು 2018ರಲ್ಲಿ ತೆರೀತು. ಹಳೇ ಲ್ಯಾಪ್‌ಟಾಪಿಗೆ 5 ಕಾಣೋದೇ ಇಲ್ಲ ಅಂದ್ರೆ ಗಾಬರಿ ಬೇಡ, ಅದರೊಳಗಿನ ಕಾರ್ಡು 2.4 ಮಾತ್ರ ಹಿಡಿಯೋ ಅಂಥದ್ದು, ಯುಎಸ್‌ಬಿಗೆ ಸಿಕ್ಕಿಸೋ, 5 ಹಿಡಿಯೋ ಚಿಕ್ಕ ವೈಫೈ ಅಡಾಪ್ಟರ್ ಸಿಗತ್ತೆ.

ಮತ್ತೆ ಅಪ್ಪಯ್ಯನ ಫೋನಿಗೆ ಬರ್ತೀನಿ. "ಕನೆಕ್ಟೆಡ್, ನೋ ಇಂಟರ್ನೆಟ್" ಅಂತ ಬಂದಾಗ ಮೊದಲು ಬ್ರೌಸರಲ್ಲಿ ಚೀಟಿಯಲ್ಲಿದ್ದ ಆ 192.168.1.1 ಥರದ ವಿಳಾಸ ತೆರೀರಿ. ಪೇಜ್ ಬಂತು ಅಂದ್ರೆ ಲ್ಯಾಪ್‌ಟಾಪೂ ಸರಿ, ವೈಫೈಯೂ ಸರಿ, ತೊಂದ್ರೆ ಹೆಚ್ಚಿನಂಶ ಡಬ್ಬಿಯಿಂದ ಆಚೆ. ಆಗ ಡಬ್ಬಿ ಮೇಲೆ ಲಾಸ್ ಅಂತ ಬರೆದಿರೋ ದೀಪ ನೋಡಿ, ಎಲ್ ಓ ಎಸ್ ಮೂರಕ್ಷರ ಇರತ್ತೆ, ಅದು ಆರಿರಬೇಕು. ಕೆಂಪಾಗಿ ಮಿಣುಕ್ತಿದ್ರೆ ಫೈಬರಲ್ಲಿ ಬೆಳಕೇ ಬರ್ತಾ ಇಲ್ಲ, ಕೇಬಲ್ ತುಂಡಾಗಿದೆ ಅಥವಾ ಡಬ್ಬಿ ಹಿಂದೆ ವೈರ್ ಚೂಪಾಗಿ ಮಡಚಿಕೊಂಡಿದೆ, ಮಡಚಿದ್ರೆ ಗಾಜಿನ ಎಳೆಯಿಂದ ಬೆಳಕು ಸೋರಿಹೋಗತ್ತೆ. ಕೇಬಲ್‌ನವರು ಬಂದು "ಪವರ್ ಎಷ್ಟಿದೆ" ಅಂತ ಕೇಳೋದು ಕರೆಂಟಲ್ಲ, ಈ ಬೆಳಕಿನ ಬಲ, ಸೆಟ್ಟಿಂಗ್ಸ್ ಪೇಜಲ್ಲೇ ಮೈನಸ್ ನಂಬರಲ್ಲಿ ಕಾಣತ್ತೆ, ಮೈನಸ್ 20ರ ಸುತ್ತ ಇದ್ರೆ ಆರಾಮ, ಮೈನಸ್ 27 ದಾಟಿದ್ರೆ ನೆಟ್ ನಿಲ್ಲೋ ಸಾಧ್ಯತೆ ಜಾಸ್ತಿ. ದೂರು ಕೊಡೋವಾಗ "ವೈಫೈ ಬರ್ತಿಲ್ಲ" ಅನ್ನೋ ಬದ್ಲು "ಲಾಸ್ ಕೆಂಪಿದೆ" ಅಂತ ಹೇಳಿ, ಡಬ್ಬಿ ಆಫ್ ಮಾಡಿ ಆನ್ ಮಾಡಿ ಅನ್ನೋ ಮೊದಲ ಸುತ್ತು ತಪ್ಪತ್ತೆ.

ಪೇಜೂ ಬರ್ಲಿಲ್ಲ ಅಂದ್ರೆ ಕಥೆ ಒಳಗಿಂದು. ವೈಫೈ ಹೆಸರಿನ ಪ್ರಾಪರ್ಟೀಸ್ ತೆಗೆದು ಐಪಿವಿ4 ಅಂತ ಇರೋ ಕಡೆ ನೋಡಿ, 169.254 ಇಂದ ಶುರುವಾಗಿದ್ರೆ ಡಬ್ಬಿಯಿಂದ ವಿಳಾಸ ಸಿಗದೆ ಲ್ಯಾಪ್‌ಟಾಪು ತಾನೇ ಒಂದು ವಿಳಾಸ ಹಾಕ್ಕೊಂಡು ಕೂತಿದೆ ಅಂತ ಅರ್ಥ. ಆ ಹೆಸರನ್ನ ಫರ್ಗೆಟ್ ಕೊಟ್ಟು ಮತ್ತೆ ಸೇರಿಸಿ, ಡಬ್ಬೀನೂ ಒಮ್ಮೆ ಆಫ್ ಮಾಡಿ ಹಾಕಿ. ಹಾಗೂ ಆಗ್ಲಿಲ್ಲ ಅಂದ್ರೆ ಲ್ಯಾನ್ ಕೇಬಲ್ಲಲ್ಲಿ ನೇರವಾಗಿ ಡಬ್ಬಿಗೆ ಸಿಕ್ಕಿಸಿ ನೋಡಿ, ಅದರಲ್ಲಿ ನೆಟ್ ಬಂದ್ರೆ ಕೆಟ್ಟಿದ್ದು ವೈಫೈ ಅಂತ ಧೈರ್ಯವಾಗಿ ಹೇಳಬಹುದು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೀತಿದ್ರೂ ಡಬ್ಬಿ ಸತ್ತಿರತ್ತಲ್ಲ, ಅದಕ್ಕೆ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗತ್ತೆ, ಡಬ್ಬಿಯ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟು ಆಂಪಿಯರ್ ನೋಡಿ ಹೊಂದೋದನ್ನೇ ತನ್ನಿ.

ವೇಗದ್ದೂ ಇದೇ ಲೆಕ್ಕ. ಅದೇ ಪ್ರಾಪರ್ಟೀಸಲ್ಲಿ ಲಿಂಕ್ ಸ್ಪೀಡ್ ಅಂತ 433, 866 ಏನೋ ತೋರಿಸತ್ತೆ, ಅದು ಲ್ಯಾಪ್‌ಟಾಪಿಂದ ಡಬ್ಬಿವರೆಗಿನ ವೇಗ, ನೀವು ದುಡ್ಡು ಕೊಟ್ಟಿರೋ 100 ಮೆಗಾಬಿಟ್ಟಿನ ಪ್ಲಾನು ಡಬ್ಬಿಯಿಂದ ಆಚೆಗಿನದ್ದು, ಎರಡರಲ್ಲಿ ಯಾವುದು ಚಿಕ್ಕದೋ ಅದಕ್ಕಿಂತ ಜಾಸ್ತಿ ನಿಮಗೆ ಸಿಗಲ್ಲ. ಲಿಂಕ್ ಸ್ಪೀಡ್ 72 ತೋರಿಸ್ತಾ ಇದ್ರೆ ಲ್ಯಾಪ್‌ಟಾಪ್ ಹೆಚ್ಚಿನಂಶ 2.4ರ ಮೇಲಿದೆ, ಆ 72ರಲ್ಲೂ ಕೈಗೆ ಸಿಗೋದು ಅರ್ಧದ ಹತ್ರ, ಹಾಗಿರೋವಾಗ 200ರ ಪ್ಲಾನ್ ತಗೊಂಡ್ರೆ ಆ ಲ್ಯಾಪ್‌ಟಾಪಿಗೆ ಏನೂ ಬದಲಾಗಲ್ಲ. ಮೊದಲು 5ರ ಹೆಸರಿಗೆ ಸೇರಿಸಿ ನೋಡಿ, ಡಬ್ಬಿಯನ್ನ ಒಂದು ಗೋಡೆ ಈಚೆ ತನ್ನಿ, ನಂಬರ್ ಮತ್ತೆ ನೋಡಿ, ಆಮೇಲೆ ಬೇಕಿದ್ರೆ ಪ್ಲಾನ್ ಬದಲಾಯಿಸಿ.