ಹೆಣ್ಣು ಗೋಸುಂಬೆಯ ಬಣ್ಣ, ಬಸಿರು ಮತ್ತು ಒಂದು ಬಕೆಟ್ ಮರಳು

ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ತೀರ್ಥಹಳ್ಳಿ ಕಡೆ ಬೇಲಿ ಗೂಟದ ಮೇಲೆ ಓತಿಕ್ಯಾತ ಕೆಂಪು ತಲೆ ಆಡಿಸುತ್ತಾ ಕೂತಿರುತ್ತದೆ. ನೋಡಿದವರು 'ಗೋಸುಂಬೆ ಬಣ್ಣ ಬದಲಾಯಿಸ್ತು' ಅನ್ನುತ್ತಾರೆ. ಅದು ಗೋಸುಂಬೆ ಅಲ್ಲವೇ ಅಲ್ಲ. ಗೋಸುಂಬೆಗೆ ಸುರುಳಿ ಸುತ್ತುವ ಬಾಲ ಇದೆ, ಒಂದೊಂದು ಕಣ್ಣು ಒಂದೊಂದು ಕಡೆ ತಿರುಗುತ್ತದೆ. ಅದಕ್ಕೆ ಮಳೆಕಾಡಿಗಿಂತ ಒಣ ಕುರುಚಲು ಕಾಡೇ ಇಷ್ಟ. ಬೇಲಿ ಮೇಲಿನ ಕೆಂಪು ತಲೆ ಗಂಡು ಓತಿಯದ್ದು. ಹೆಣ್ಣನ್ನು ಕರೆಯಲು, ಬೇರೆ ಗಂಡನ್ನು ಓಡಿಸಲು. ರಕ್ತ ಹೀರಿ ಕೆಂಪಾಯ್ತು ಅಂತ ಕಲ್ಲು ಹೊಡೆಯುವ ಮಕ್ಕಳಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಗಂಡಿನ ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತದೆ. ನನಗೆ ಮಾತ್ರ ಹೆಣ್ಣಿನ ಬಣ್ಣದ್ದೇ ಜಾಸ್ತಿ ಕುತೂಹಲ. ಶಿವಮೊಗ್ಗದ ಪರಿಚಯದ ಹುಡುಗನೊಬ್ಬ ಒಂದು ವೇಯ್ಲ್ಡ್ ಕೆಮಿಲಿಯನ್ ಸಾಕಿದ್ದ. ತಲೆ ಮೇಲೆ ಎತ್ತರದ ಶಿಖೆ ಇರುವ, ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ಗೋಸುಂಬೆ ಜಾತಿ ಅದು. (ನಮ್ಮ ನಾಡಿನ ಗೋಸುಂಬೆಯನ್ನು ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.) 'ಸರ್, ಒಂದೇ ಒಂದು ಹೆಣ್ಣು. ಕಪ್ಪಗಾಗಿದೆ, ತಿನ್ನೋದು ಬಿಟ್ಟಿದೆ, ಪಂಜರದ ನೆಲ ಕೆರೀತಾ ಇದೆ. ದೃಷ್ಟಿ ತಾಗಿರಬೇಕು ಅಂತಾರೆ ಅಮ್ಮ' ಅಂದ.

ದೃಷ್ಟಿಯೂ ಇಲ್ಲ, ಗಾಳಿಯೂ ಇಲ್ಲ. ಅದರ ಹೊಟ್ಟೆ ತುಂಬಾ ಮೊಟ್ಟೆ.

ಈ ಜಾತಿಯ ಹೆಣ್ಣು ಗಂಡನ್ನು ಸೇರಲು ಒಪ್ಪಿದ್ದಾಗ ತಿಳಿ ಹಸಿರು ಮೈಯಲ್ಲಿ ನೀಲಿ ಚುಕ್ಕೆ ತೋರಿಸುತ್ತದೆ. ಕೂಡಿದ ಮೇಲೆ ಹೆಚ್ಚುಕಮ್ಮಿ ಒಂದು ದಿನದೊಳಗೆ ಮೈ ಕಪ್ಪು ಹಸಿರಿಗೆ ತಿರುಗಿ, ಹಳದಿ, ನೀಲಿ ಚುಕ್ಕೆಗಳು ಎದ್ದು ಕಾಣುತ್ತವೆ. ಆಮೇಲೆ ಗಂಡು ಹತ್ತಿರ ಬಂದರೆ ಬಾಯಿ ತೆರೆದು ಬುಸುಗುಡುತ್ತದೆ. 'ಬೇಡ, ಹೋಗು' ಅನ್ನುವುದನ್ನು ಮೈಯೇ ಹೇಳಿಬಿಡುತ್ತದೆ. ಮಡಗಾಸ್ಕರ್‌ನ ಪ್ಯಾಂಥರ್ ಕೆಮಿಲಿಯನ್ ಹೆಣ್ಣೂ ಬಸಿರಾದಾಗ ಕಪ್ಪಾಗಿ, ಕಿತ್ತಳೆ ಅಥವಾ ಗುಲಾಬಿ ಗುರುತು ತೋರಿಸುತ್ತದೆ. ಗಂಡನ್ನು ಸೇರದೆಯೇ ಮೊಟ್ಟೆ ಹೊತ್ತ ಹೆಣ್ಣೂ ಎಷ್ಟೋ ಸಲ ಹೀಗೇ ಕಪ್ಪಾಗುತ್ತದೆ. ಚಳಿಗೂ ಗೋಸುಂಬೆ ಕಪ್ಪಾಗುವುದುಂಟು, ಹೆದರಿದಾಗಲೂ. ಹಾಗಾಗಿ ಬರೀ ಬಣ್ಣ ನೋಡಿ ತೀರ್ಮಾನಿಸಬಾರದು. ಹೊಟ್ಟೆಯನ್ನೂ ನೋಡಬೇಕು, ನಡವಳಿಕೆಯನ್ನೂ ನೋಡಬೇಕು.

ಹಾಗಾದರೆ ಕೂತ ಎಲೆಯ ಬಣ್ಣಕ್ಕೆ ತಿರುಗುತ್ತದೆ ಅನ್ನುವ ಕತೆ? ಅದು ನಮ್ಮೂರಿನ ಅಜ್ಜಿಯರದ್ದಷ್ಟೇ ಅಲ್ಲ. ಸುಮಾರು 2000 ವರ್ಷದ ಹಿಂದೆ ರೋಮಿನ ಪ್ಲಿನಿ ಇದನ್ನೇ ಬರೆದಿಟ್ಟ. ಮುಟ್ಟಿದ ವಸ್ತುವಿನ ಬಣ್ಣವನ್ನೇ ತಾಳುತ್ತದಂತೆ, ಕೆಂಪು ಮತ್ತು ಬಿಳಿ ಬಿಟ್ಟು. ಗಾಳಿ ಕುಡಿದೇ ಬದುಕುತ್ತದೆ ಅಂತಲೂ ಬರೆದ ಮಹಾನುಭಾವ! ಅವನಿಗಿಂತ ನಾಲ್ಕು ಶತಮಾನ ಮೊದಲೇ ಅರಿಸ್ಟಾಟಲ್ ಗೋಸುಂಬೆಯ ಕಣ್ಣು, ಬಾಲ, ಪಾದಗಳನ್ನು ಸಾಕಷ್ಟು ಸರಿಯಾಗಿ ವರ್ಣಿಸಿದ್ದ. ಜನರ ನೆನಪಿನಲ್ಲಿ ಉಳಿದಿದ್ದು ಪ್ಲಿನಿಯ ಮಾತು.

ನಿಜವಾದ ಗುಟ್ಟು ಹೊರಬಿದ್ದಿದ್ದು 2015ರಲ್ಲಿ, ಜಿನೀವಾ ವಿಶ್ವವಿದ್ಯಾಲಯದಲ್ಲಿ. ಪ್ಯಾಂಥರ್ ಕೆಮಿಲಿಯನ್ ಚರ್ಮದ ಕೆಲವು ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳು ಸಾಲಾಗಿ ಕೂತಿವೆ. ಮೀನಿನ ಹುರುಪೆ ಹೊಳೆಯುವುದೂ ಗ್ವಾನೀನ್‌ನಿಂದಲೇ. ತೋಟದಲ್ಲಿ ಅಡಿಕೆ ಮರಗಳನ್ನು ಅಳತೆ ಹಿಡಿದು ನೆಟ್ಟಂತೆ ಈ ಹರಳುಗಳ ನಡುವೆಯೂ ಒಂದು ಅಳತೆ ಇದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಅಳತೆ ಬದಲಾಗುತ್ತದೆ. ಪ್ರಾಣಿ ಶಾಂತವಾಗಿದ್ದಾಗ ಸಾಲು ಒತ್ತಾಗಿದ್ದು ನೀಲಿ ಬೆಳಕು ವಾಪಸ್ ಬರುತ್ತದೆ. ಚರ್ಮದಲ್ಲಿರುವ ಹಳದಿ ಅದಕ್ಕೆ ಸೇರಿ ಹಸಿರು ಕಾಣುತ್ತದೆ. ಉದ್ರೇಕಗೊಂಡಾಗ ಸಾಲು ದೂರ ಸರಿದು ಹಳದಿ, ಕೆಂಪು ಬೆಳಕು ಬರುತ್ತದೆ. ಆದರೆ ಈ ಹರಳಿನ ಮೇಲ್ಪದರ ಪೂರ್ತಿ ಬೆಳೆಯುವುದು ವಯಸ್ಸಿಗೆ ಬಂದ ಗಂಡಿನಲ್ಲಿ ಮಾತ್ರ. ಹೆಣ್ಣು ಕಪ್ಪಾಗುವಾಗ ಕೆಲಸ ಮಾಡುವುದು ಮೆಲನಿನ್ ಕೋಶಗಳು. ಅವಕ್ಕೆ ಕವಲುಗಳಿವೆ. ಕಪ್ಪು ಕಣಗಳು ನಡುವೆ ಗುಂಪಾಗಿದ್ದರೆ ಮೈ ತಿಳಿಯಾಗಿರುತ್ತದೆ, ಕವಲುಗಳಿಗೆಲ್ಲ ಹರಡಿದರೆ ಕಪ್ಪಾಗುತ್ತದೆ.

ಗಂಡೇ ಇಲ್ಲದೆ ಮೊಟ್ಟೆ ಹೇಗೆ? ಫಾರಂ ಕೋಳಿ ದಿನಾ ಇಡೋದಿಲ್ವಾ, ಹಾಗೇ. ಮೊಟ್ಟೆ ತಯಾರಾಗಲು ಗಂಡು ಬೇಕಿಲ್ಲ, ಮರಿಯಾಗಲು ಬೇಕು. ಬಸುರಿಯ ಯಕೃತ್ತು ಹಳದಿ ಲೋಳೆಯ ಪ್ರೋಟೀನ್ ಮಾಡಿ ಕಳಿಸುತ್ತದೆ. ಸುಣ್ಣದಂಶ ಊಟದಲ್ಲಿ ಸಾಲದಿದ್ದರೆ ಅವಳ ಮೂಳೆಯಿಂದಲೇ ಹೋಗುತ್ತದೆ. ಒಂದು ಸಲಕ್ಕೆ 20, 40, ಕೆಲವೊಮ್ಮೆ 70 ಮೊಟ್ಟೆ! ಸಾಕುವವರು ಪ್ರೀತಿಯಿಂದ ಹುಳು ಸುರಿದಷ್ಟೂ, ದೀಪದ ಬಿಸಿ ಏರಿಸಿದಷ್ಟೂ ಸಂಖ್ಯೆ ಏರುತ್ತದೆ, ಅವಳ ಆಯಸ್ಸು ಇಳಿಯುತ್ತದೆ.

ಮೊಟ್ಟೆ ಇಡಲು ಅವಳಿಗೆ ಬೇಕಾದ್ದು ಮಣ್ಣು. ನಮ್ಮ ಅಡಿಕೆ ತೋಟದ ಹಾರುವ ಓತಿ ಮರದ ಮೇಲೇ ಬದುಕಿದರೂ ಮೊಟ್ಟೆಗೆ ಮಾತ್ರ ನೆಲಕ್ಕಿಳಿಯುತ್ತದೆ. ಗೋಸುಂಬೆಯೂ ಅಷ್ಟೇ. ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ತಾಯಿ ಸಾಯಬಹುದು. ಸುಣ್ಣದಂಶದ ಕೊರತೆಯಿಂದಲೂ ಹೀಗಾಗುತ್ತದೆ, ಆಗ ಪಶುವೈದ್ಯರೇ ಗತಿ.

ಹುಡುಗನಿಗೆ ಹೇಳಿದ್ದು ಸರಳ. ಅಗಲವಾದ ಬಕೆಟ್‌ನಲ್ಲಿ ಒಂದಡಿ ಆಳ ಮರಳು ಹಾಕು. ಸುರಂಗ ತೋಡಿದರೆ ಕುಸಿಯದಷ್ಟು ತೇವ ಇರಲಿ. ಪಂಜರಕ್ಕೆ ಬಟ್ಟೆ ಮುಚ್ಚು, ಇಣುಕಬೇಡ. ಯಾರಾದರೂ ನೋಡುತ್ತಿದ್ದರೆ ಅವಳು ಅರ್ಧಕ್ಕೇ ಬಿಟ್ಟುಬಿಡುತ್ತಾಳೆ.

ಮೊಟ್ಟೆ ಇಟ್ಟು, ಗುಂಡಿ ಮುಚ್ಚಿ, ಸೊರಗಿ ಮೇಲೆ ಬಂದಳಂತೆ. ಅಮ್ಮ ಅಷ್ಟರಲ್ಲಿ ಮೆಣಸಿನಕಾಯಿ ನಿವಾಳಿಸಿದ್ದರು. ಯಶಸ್ಸು ಯಾರಿಗೆ ಸಂದಿತು ಅಂತ ಬೇರೆ ಹೇಳಬೇಕಾ? 'ಮೊಟ್ಟೆ ಎಸೀಲಾ ಸರ್' ಅಂದ ಹುಡುಗ. ತಡಿ ಅಂದೆ. ಈ ಹೆಣ್ಣುಗಳು ಗಂಡಿನ ವೀರ್ಯವನ್ನು ಒಳಗೆ ಕೂಡಿಟ್ಟುಕೊಂಡು ಎಷ್ಟೋ ತಿಂಗಳ ನಂತರವೂ ಬಳಸುತ್ತವೆ. ಇವನ ಮನೆಗೆ ಬರುವ ಮೊದಲು ಅವಳು ಯಾವ ಗಂಡಿನ ಜೊತೆಗಿದ್ದಳೋ ಇವನಿಗೆ ಗೊತ್ತಿಲ್ಲ. ಫಲಿತ ಮೊಟ್ಟೆಯಾದರೆ ಮರಿ ಬರಲು ಆರರಿಂದ ಒಂಬತ್ತು ತಿಂಗಳು ಬೇಕು. ಫಲಿಸದವು ಸಾಮಾನ್ಯವಾಗಿ ಅದಕ್ಕೂ ಮೊದಲೇ ಹಳದಿಗಟ್ಟಿ, ಕುಗ್ಗಿ, ಬೂಸ್ಟು ಹಿಡಿಯುತ್ತವೆ.