ತಲೆಗೆ ಪೆಟ್ಟಾದವರಿಗೆ ಪೀರ್ ಮೆಂಟರಿಂಗ್: ಓದಿನ ಟಿಪ್ಪಣಿ

ತಲೆಗೆ ಪೆಟ್ಟು ಬಿದ್ದು, ಕೆಲವು ವರ್ಷ ಅದರ ಜೊತೆ ಏಗಿ ಒಂದು ಹದಕ್ಕೆ ಬಂದವರು ಈಗಷ್ಟೇ ಡಿಸ್ಚಾರ್ಜ್ ಆದವರ ಜೊತೆ ನಿಲ್ಲುವುದೇ ಪೀರ್ ಮೆಂಟರಿಂಗ್. ಇಷ್ಟನ್ನು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತೇವೆ. ಬಿಟ್ಟುಹೋಗುವುದು ಒಂದು ಮಾತು: ಇಲ್ಲಿ ಮೆಂಟರ್‌ಗೂ ಮರೆವಿರಬಹುದು, ಅವರಿಗೂ ಬೇಗ ಸುಸ್ತಾಗಬಹುದು. ಇಡೀ ಏರ್ಪಾಟನ್ನು ಇದನ್ನು ನೋಡಿಕೊಂಡೇ ಮಾಡಬೇಕು.

ಪೆಟ್ಟಿನ ಅಳತೆಗೆ, ಎಚ್ಚರ ಎಷ್ಟಿದೆ ಅಂತ ನೋಡಿ ಅಂಕ ಕೊಡುವ ಗ್ಲಾಸ್ಗೋ ಕೋಮಾ ಸ್ಕೇಲ್ ಇದೆ, 1974ರದ್ದು. 13ರಿಂದ 15 ಬಂದರೆ ಸೌಮ್ಯ, 9ರಿಂದ 12 ಮಧ್ಯಮ, 3ರಿಂದ 8 ತೀವ್ರ. ಮನೆಗೆ ಹೋದ ಮೇಲೆ ದಿನ ಹೇಗೆ ಕಳೆಯುತ್ತದೆ ಅನ್ನುವುದು ಈ ಅಂಕ ಒಂದರಿಂದಲೇ ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮದ್ದೂರಿನ ಹತ್ತಿರ ಬೈಕಿನಿಂದ ಬಿದ್ದ ಹುಡುಗ. ಹೊಲಿಗೆ ಬಿಚ್ಚಿದ್ದಾರೆ, ನಡೆಯುತ್ತಾನೆ, ಮಾತಾಡುತ್ತಾನೆ. 'ಚೆನ್ನಾಗೇ ಇದಾನಲ್ಲ' ಅನ್ನುತ್ತಾರೆ ಊರವರು. ಆಲೆಮನೆ ಕೆಲಸಕ್ಕೆ ವಾಪಸ್ ಹೋದರೆ ಗಾಣದ ಸದ್ದು, ಒಲೆಯ ಕಾವು, ನಾಲ್ಕು ಜನರ ಮಾತು ಒಟ್ಟಿಗೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ, ಸಿಟ್ಟು ನೆತ್ತಿಗೇರುತ್ತದೆ. ಮನೆಯವರ ಕಣ್ಣಿಗೆ ಅದು ಮೈಗಳ್ಳತನ. ಮೆಂಟರ್ ಬುದ್ಧಿ ಹೇಳಲು ಹೋಗುವುದಿಲ್ಲ. "ಎಷ್ಟೊತ್ತಿಗೆ ಶುರುವಾಗುತ್ತೆ? ಅದಕ್ಕೆ ಮುಂಚೆ ಏನ್ ಮಾಡ್ತಿದ್ದೆ?" ಅಂತ ಕೇಳುತ್ತಾರೆ. ಹನ್ನೊಂದು ಗಂಟೆಗೆ ಅಂತ ಗೊತ್ತಾದರೆ, ಹತ್ತೂವರೆಗೇ ಸದ್ದಿಲ್ಲದ ಕಡೆ ಸ್ವಲ್ಪ ಹೊತ್ತು ಕೂರಬಹುದು, ಅಲ್ವಾ?

"ನಂಗೇನೂ ಆಗಿಲ್ಲ ಅಣ್ಣ, ಅಮ್ಮ ಸುಮ್ನೆ ಗಾಬರಿ ಬೀಳ್ತಾರೆ" ಅಂತ ಅವನೇ ಅಂದರೆ? ಹಟ ಅಂದುಕೊಳ್ಳಬೇಡಿ. ಮೆದುಳಿನ ಮುಂಭಾಗಕ್ಕೆ ಏಟಾದಾಗ, ತನಗೆ ತೊಂದರೆ ಇದೆ ಅನ್ನುವ ಅರಿವೇ ಕೆಡಬಹುದು. ವಾದ ಮಾಡಿ ಪ್ರಯೋಜನವಿಲ್ಲ. ಡಾಕ್ಟರ್ ಮಾತು ಒಪ್ಪದವನು, "ನಾನೂ ಹಿಂಗೇ ಅಂತಿದ್ದೆ ಕಣಪ್ಪ, ಹಾಲಿಟ್ಟು ಮರೆತು ಪಾತ್ರೆ ಸೀದುಹೋಗಿತ್ತು" ಅನ್ನುವವರ ಮುಂದೆ ಒಂದು ಗಳಿಗೆ ಸುಮ್ಮನಾಗಬಹುದು. ನನ್ನ ಲೆಕ್ಕದಲ್ಲಿ ಮೆಂಟರ್‌ನ ನಿಜವಾದ ಬಂಡವಾಳ ಇದೇ. "ನಾನು ಸರಿಹೋದೆ, ನೀನೂ ಹೋಗ್ತೀಯ" ಅನ್ನುವುದು ಮಾತ್ರ ಅಪಾಯದ ಮಾತು. ಒಬ್ಬರಿಗೆ ಬಿದ್ದ ಪೆಟ್ಟು ಇನ್ನೊಬ್ಬರದ್ದರಂತೆ ಇರುವುದಿಲ್ಲ.

ಭೇಟಿಯ ಜಾಗವನ್ನೂ ಯೋಚಿಸಿ. ಮೈಸೂರಲ್ಲಾದರೆ ದೇವರಾಜ ಮಾರುಕಟ್ಟೆಯ ಗದ್ದಲ ಬೇಡ, ಬೆಳಗಿನ ಕುಕ್ಕರಹಳ್ಳಿ ಕೆರೆ ಏರಿ ವಾಸಿ. ಒಂದು ಸಲಕ್ಕೆ ಒಂದೇ ವಿಷಯ. ಆಡಿದ್ದನ್ನು ಎರಡು ಸಾಲಿನಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಬೇಕು, ಮುಂದಿನ ಭೇಟಿಗೆ ಇಬ್ಬರ ಮೊಬೈಲಿನಲ್ಲೂ ಅಲಾರಂ. ಮೆಂಟರ್ ದಣಿದರೆ "ಇವತ್ತಿಗೆ ಸಾಕು" ಅನ್ನಲಿ. ಹಾಗೆ ಹೇಳಬಹುದು ಅಂತ ಆ ಹುಡುಗನೂ ನೋಡಿ ಕಲಿಯುತ್ತಾನೆ.

ಪುರಾವೆ ಕೇಳಿದರೆ ಅಮೆರಿಕದ ಮಿಷಿಗನ್‌ನಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನವನ್ನು ಬರೆಯಿರಿ. ಪೆಟ್ಟಾದ 96 ಜನ ಅದರಲ್ಲಿದ್ದರು. ಮೆಂಟರ್ ಸಿಕ್ಕವರಲ್ಲಿ ನಡವಳಿಕೆಯ ಹತೋಟಿ ಉತ್ತಮವಾಗಿತ್ತು, ಕುಡಿತ ಕಡಿಮೆಯಿತ್ತು.

ಮಾತು ತೊದಲಿದರೆ, ಪದ ಸಿಗದೆ ಒದ್ದಾಡಿದರೆ ಮೆಂಟರ್ ತಿದ್ದಲು ಕೂರುವುದು ಬೇಡ. ಅದಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಫಿಟ್ಸ್ ಮಾತ್ರೆ ನಿಲ್ಲಿಸು ಅಂತ ಯಾವ ಕಾರಣಕ್ಕೂ ಹೇಳುವಂತಿಲ್ಲ. ಸಾಯುವ ಮಾತು ಬಂದರೆ ಗುಟ್ಟಾಗಿಡಬಾರದು: ಮನೆಯವರಿಗೂ ಚಿಕಿತ್ಸೆ ಕೊಡುವವರಿಗೂ ತಿಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಇಬ್ಬರ ಫೋನಿನಲ್ಲೂ ಮೊದಲ ದಿನವೇ ಸೇವ್ ಆಗಿರಲಿ.